ಕೆಲಸದ ಜೊತೆಗೆ ಫ್ರೀಲ್ಯಾನ್ಸ್: ಪ್ರೊಪ್ರೈಟರ್‌ಶಿಪ್ ಮಾಡಿಸ್ಬೇಕಾ? ಎಲ್ಲಿಂದ ಶುರು ಮಾಡೋದು?

ವಿಜಯನಗರದವ
ಎಲ್ಲರಿಗೂ ನಮಸ್ಕಾರ. ಹಗಲು ಔಟರ್ ರಿಂಗ್ ರೋಡ್ ಕಡೆ ಒಂದು ಐಟಿ ಕಂಪನೀಲಿ ಕೆಲಸ. ರಾತ್ರಿ ಹೊತ್ತು, ಶನಿವಾರ ಭಾನುವಾರ ಒಬ್ಬನೇ ಕೂತು ವೆಬ್‌ಸೈಟ್ ಮಾಡಿಕೊಡ್ತೀನಿ. ಮೊದಮೊದಲು ನೆಂಟರು, ಪರಿಚಯದವರದ್ದೇ ಕೆಲಸ. ದುಡ್ಡು ಫೋನಿಗೇ ಬರ್ತಿತ್ತು, ಯಾರೂ ಬಿಲ್ ಕೇಳ್ತಿರಲಿಲ್ಲ. ಈಗ ಚಿಕ್ಕಪೇಟೆಯ ಒಂದು ಸೀರೆ ಹೋಲ್‌ಸೇಲ್ ಅಂಗಡಿ, ತುಮಕೂರಿನ ಒಂದು ಸ್ಕೂಲು, ಪುಣೆಯ ಒಂದು ಏಜೆನ್ಸಿ ಇವೆ. ಸಿಂಗಪುರದ ಒಂದು ಕಂಪನಿ ಜೊತೆ ಮಾತು ನಡೀತಿದೆ. ವರ್ಷಕ್ಕೆ 4.8 ಲಕ್ಷದ ಆಸುಪಾಸು ಬರಬಹುದು.

ಚಿಕ್ಕಪೇಟೆ ಯಜಮಾನ್ರು "ಜಿಎಸ್‌ಟಿ ನಂಬರ್ ಇರೋ ಬಿಲ್ ಕೊಡಿ, ಇಲ್ಲಾಂದ್ರೆ ನಮ್ಮ ಆಡಿಟರ್ ಒಪ್ಪಲ್ಲ" ಅಂತಿದ್ದಾರೆ. ಪುಣೆಯವರು "ಫರ್ಮ್ ಹೆಸರಿನ ಕರೆಂಟ್ ಅಕೌಂಟ್ ಇದ್ಯಾ?" ಅಂತ ಕೇಳಿದ್ರು. ಆನ್‌ಲೈನಲ್ಲಿ ಹುಡುಕಿದ್ದೇ ತಡ, ಒಬ್ಬ ಏಜೆಂಟ್ ಫೋನ್ ಮಾಡಿ "ಪ್ರೊಪ್ರೈಟರ್‌ಶಿಪ್ ರಿಜಿಸ್ಟ್ರೇಷನ್ ಮಾಡಿಸಿಕೊಡ್ತೀವಿ ಸರ್, ಎಲ್ಲಾ ಸೇರಿ ಎಂಟು ಸಾವಿರ" ಅಂದ. ಕೊಡ್ಬೇಕಾ? ಕಂಪನಿಗೆ ಗೊತ್ತಾದ್ರೆ ತೊಂದ್ರೆ ಇದ್ಯಾ? ಅನುಭವ ಇರೋರು ಸ್ವಲ್ಪ ದಾರಿ ತೋರಿಸಿ.

ಸುಮ್ನೆ ಓದೋನು
ಎಂಟು ಸಾವಿರಕ್ಕೆ ಎರಡು ವರ್ಷದ ಡೊಮೇನು, ಹೋಸ್ಟಿಂಗು ಎಲ್ಲಾ ಬರುತ್ತೆ ಗುರು. ಮೊದಲು ಏಜೆಂಟ್ ನಂಬರ್ ಬ್ಲಾಕ್ ಮಾಡು.

ಲೆಕ್ಕದ ಮಾರಾಯ
ಆಡಿಟ್ ಆಫೀಸಲ್ಲಿ ಕೆಲಸ ಮಾಡುವವನು, ಊರು ಮಂಗ್ಳೂರು. ಈ ಪ್ರಶ್ನೆ ವಾರಕ್ಕೆ ಒಬ್ಬರಾದ್ರೂ ಕೇಳ್ತಾರೆ, ಹಾಗಾಗಿ ಸ್ವಲ್ಪ ಉದ್ದವೇ ಬರೀತೇನೆ.

"ಪ್ರೊಪ್ರೈಟರ್‌ಶಿಪ್ ರಿಜಿಸ್ಟ್ರೇಷನ್" ಅಂತ ಒಂದು ವಸ್ತುವೇ ಇಲ್ಲ ಮಾರಾಯ್ರೆ. ಕಂಪನಿಗೆ ಕಂಪನಿ ಕಾಯ್ದೆ ಉಂಟು, ಎಲ್‌ಎಲ್‌ಪಿಗೆ ಅದರದ್ದೇ ಕಾಯ್ದೆ ಉಂಟು, ಪಾಲುದಾರಿಕೆಗೆ 1932ರ ಕಾಯ್ದೆ ಉಂಟು. ಒಬ್ಬನೇ ಮಾಡುವ ವ್ಯವಹಾರಕ್ಕೆ ಹಾಗೆ ಪ್ರತ್ಯೇಕ ನೋಂದಣಿ ಇಲ್ಲ. ನೀವು ಮೊದಲ ಬಿಲ್ ಬರೆದ ದಿನವೇ ನೀವು ಪ್ರೊಪ್ರೈಟರ್. ಪ್ಯಾನ್ ನಿಮ್ಮದೇ, ರಿಟರ್ನ್ ನಿಮ್ಮದೇ, ಸಾಲ ಆದ್ರೆ ಅದೂ ನಿಮ್ಮ ತಲೆ ಮೇಲೆಯೇ. ಫರ್ಮಿಗೆ "ಕಾವೇರಿ ವೆಬ್ ವರ್ಕ್ಸ್" ಅಂತ ಹೆಸರಿಟ್ರೂ ಕಾನೂನಿನ ಕಣ್ಣಲ್ಲಿ ಅದು ಬೇರೆ ವ್ಯಕ್ತಿ ಅಲ್ಲ. ಗಿರಾಕಿ ಕೇಸ್ ಹಾಕಿದ್ರೆ ನಿಮ್ಮ ಸಂಬಳ, ನಿಮ್ಮ ಸೈಟು ಎಲ್ಲವೂ ಲೆಕ್ಕಕ್ಕೆ ಬರ್ತದೆ. ವೆಬ್‌ಸೈಟ್ ಕೆಲಸಕ್ಕೆ ಅಷ್ಟು ಭಯ ಬೇಡ, ಆದ್ರೆ ಕರಾರಿನಲ್ಲಿ "ನನ್ನ ಹೊಣೆ ನಾನು ಪಡೆದ ಫೀಸಿನ ಮಟ್ಟಕ್ಕೆ ಮಾತ್ರ" ಅಂತ ಒಂದು ಸಾಲು ಹಾಕಿಸಿ.

ಹಾಗಾದ್ರೆ ಆ ಏಜೆಂಟ್ ಎಂತ ಮಾಡಿಸಿಕೊಡುದು? ಹೆಚ್ಚಿನ ಸಲ ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಸರ್ಟಿಫಿಕೇಟು, ಜೊತೆಗೆ ಬೇಕೋ ಬೇಡವೋ ಒಂದು ಜಿಎಸ್‌ಟಿ. ಉದ್ಯಮ್ ನೋಂದಣಿ 2020ರ ಜುಲೈ 1ರಿಂದ ಸರ್ಕಾರದ್ದೇ ಪೋರ್ಟಲಿನಲ್ಲಿ, ಪೂರಾ ಉಚಿತ. ಆಧಾರ್, ಪ್ಯಾನ್, ಬ್ಯಾಂಕ್ ವಿವರ, ಕೆಲಸದ ಕೋಡು ಇಷ್ಟು ಸಾಕು. ಕಂಪ್ಯೂಟರ್ ಪ್ರೋಗ್ರಾಮಿಂಗಿಗೆ ಎನ್‌ಐಸಿ 6201ರ ಕೆಳಗೆ ನೋಡಿ. ಪೇಪರ್ ಎಂತದೂ ಅಪ್‌ಲೋಡ್ ಮಾಡ್ಲಿಕ್ಕಿಲ್ಲ. ವಿಳಾಸದ ಕೊನೆಗೆ ಜಿಒವಿ ಡಾಟ್ ಇನ್ ಉಂಟಾ ಅಂತ ಮಾತ್ರ ನೋಡ್ಕೊಳ್ಳಿ. ಅದೇ ತರಹ ಕಾಣುವ, ದುಡ್ಡು ಕೇಳುವ ಪುಟಗಳು ಬೇಕಾದಷ್ಟಿವೆ.

ಬ್ಯಾಂಕ್ ರಾಯರು
ನಾನು ಬ್ಯಾಂಕಿನಿಂದ ನಿವೃತ್ತನಾದವನು. ಕರೆಂಟ್ ಅಕೌಂಟ್ ವಿಚಾರಕ್ಕೆ ನಾನು ಹೇಳುತ್ತೇನೆ.

ಫರ್ಮ್ ಹೆಸರಿನಲ್ಲಿ ಖಾತೆ ತೆರೆಯಬೇಕಾದರೆ, ನಿಮ್ಮ ಸ್ವಂತ ಕೆವೈಸಿ ಅಲ್ಲದೆ, ಆ ಹೆಸರಿನಲ್ಲಿ ವ್ಯವಹಾರ ನಡೆಯುತ್ತಿದೆ ಎಂಬುದಕ್ಕೆ ಎರಡು ದಾಖಲೆ ಕೇಳುತ್ತಾರೆ. ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನದಲ್ಲೇ ಈ ಪಟ್ಟಿ ಇದೆ: ಉದ್ಯಮ್ ಸೇರಿದಂತೆ ನೋಂದಣಿ ಪತ್ರ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಸರ್ಟಿಫಿಕೇಟು, ಜಿಎಸ್‌ಟಿ ಪತ್ರ, ಫರ್ಮಿನ ಆದಾಯ ಕಾಣಿಸುವ ಐಟಿ ರಿಟರ್ನ್, ಫರ್ಮ್ ಹೆಸರಿನ ಕರೆಂಟ್ ಬಿಲ್ ಇತ್ಯಾದಿ. ಎರಡು ಕೊಡಲು ಸಾಧ್ಯವೇ ಇಲ್ಲ ಎಂದು ಬ್ಯಾಂಕಿಗೆ ಮನವರಿಕೆಯಾದರೆ ಒಂದೇ ದಾಖಲೆಯ ಮೇಲೂ ತೆರೆಯಬಹುದು. ಆಗ ವಿಳಾಸಕ್ಕೆ ಬಂದು ನೋಡಿಕೊಂಡು ಹೋಗುತ್ತಾರೆ. ಇದು ಮ್ಯಾನೇಜರ ವಿವೇಚನೆಗೆ ಬಿಟ್ಟ ವಿಷಯ. ಕೌಂಟರಿನಲ್ಲಿರುವ ಹುಡುಗನಿಗೆ ಈ ನಿಯಮ ಗೊತ್ತಿಲ್ಲದೆ "ಜಿಎಸ್‌ಟಿ ಇಲ್ಲದೆ ಆಗೋದೇ ಇಲ್ಲ ಸರ್" ಎಂದು ವಾಪಸ್ ಕಳಿಸುವುದುಂಟು. ನೇರವಾಗಿ ಮ್ಯಾನೇಜರನ್ನೇ ನೋಡಿ.

ಆದರೆ ನನ್ನ ಪ್ರಶ್ನೆ ಬೇರೆ. ನಿಮಗೆ ಫರ್ಮ್ ಹೆಸರು ಯಾತಕ್ಕೆ ಬೇಕು? ನಿಮ್ಮ ಹೆಸರಲ್ಲೇ ಬಿಲ್ ಬರೆದು, ನಿಮ್ಮ ಹೆಸರಿನ ಇನ್ನೊಂದು ಸೇವಿಂಗ್ಸ್ ಖಾತೆಗೆ ತರಿಸಿಕೊಂಡರೆ ಈ ಮೊತ್ತಕ್ಕೆ ಧಾರಾಳವಾಗಿ ನಡೆಯುತ್ತದೆ. ಸಂಬಳದ ಖಾತೆಗೆ ಬೆರೆಸಬೇಡಿ, ಅಷ್ಟೇ. ಕರೆಂಟ್ ಅಕೌಂಟಿಗೆ ಬಡ್ಡಿ ಇಲ್ಲ, ಮಿನಿಮಮ್ ಬ್ಯಾಲೆನ್ಸ್ ಕಾಟ ಬೇರೆ. ವ್ಯವಹಾರದ ಹೆಸರೇ ಬೇಕು ಎಂದರೆ ಮಾತ್ರ ಕರೆಂಟ್ ಅಕೌಂಟ್ ಅನಿವಾರ್ಯ, ಏಕೆಂದರೆ ಫರ್ಮ್ ಹೆಸರಿನಲ್ಲಿ ಸೇವಿಂಗ್ಸ್ ಖಾತೆ ತೆರೆಯುವಂತಿಲ್ಲ, ಫರ್ಮ್ ಹೆಸರಿನ ಚೆಕ್ ನಿಮ್ಮ ಸ್ವಂತ ಖಾತೆಗೆ ಜಮೆಯೂ ಆಗುವುದಿಲ್ಲ.

ವಿಜಯನಗರದವ
ಥ್ಯಾಂಕ್ಸ್ ರಾಯರೇ. ಫರ್ಮ್ ಹೆಸರು ನನಗೇನೂ ಹಠ ಇಲ್ಲ. ಪುಣೆಯವರಿಗೆ "ನನ್ನ ಹೆಸರಲ್ಲೇ ಬಿಲ್ ಕೊಟ್ರೆ ಆಗುತ್ತಾ" ಅಂತ ಈಗಷ್ಟೇ ಮೇಲ್ ಹಾಕಿದೆ. "ಪ್ಯಾನ್ ಇದ್ರೆ ಸಾಕು" ಅಂತ ಹತ್ತೇ ನಿಮಿಷದಲ್ಲಿ ಉತ್ತರ ಬಂತು!

ಹುಬ್ಳಿಯಾಂವ
ರಾಯರ ಹೇಳಿದ "ಬಂದು ನೋಡಿಕೊಂಡು ಹೋಗ್ತಾರ" ಅನ್ನೋದರ ಕತಿ ಕೇಳ್ರಿ. ನಾ ವಿಡಿಯೋ ಎಡಿಟಿಂಗ್ ಮಾಡಾಂವ. ಬಸವೇಶ್ವರನಗರದಾಗ ಎರಡನೇ ಮಹಡಿ ಬಾಡಿಗಿ ಮನಿ. ಬ್ಯಾಂಕಿನ್ ಹುಡುಗ ಬಂದು "ಬೋರ್ಡ್ ಎಲ್ಲೈತಿ ಸರ್, ಫೋಟೋ ತಗೋಬೇಕು" ಅಂದ. ಬೋರ್ಡ್ ಎಲ್ಲಿಂದ ತರ್ಲಿ? ಒಂದು ಎ4 ಹಾಳಿ ಮ್ಯಾಲೆ ಫರ್ಮ್ ಹೆಸರು ಪ್ರಿಂಟ್ ತಗದು, ಸೆಲ್ಲೋ ಟೇಪ್ ಹಚ್ಚಿ ಬಾಗಲಿಗೆ ಅಂಟಿಸಿದೆ. ಅಂವ ಫೋಟೋ ತಗೊಂಡು ಹೋದ. ತಗದು ಹಾಕೂದು ಮರ್ತಬಿಟ್ಟೆ ನೋಡ್ರಿ, ಸಂಜಿಕೆ ನೀರಿನ ಮೋಟಾರ್ ಚಾಲೂ ಮಾಡಾಕ ಮ್ಯಾಲೆ ಬಂದ ಮಾಲಕರ ಕಣ್ಣಿಗೆ ಬಿತ್ತು. "ಏನ್ರೀ ಇದು, ಮನೇನ ಆಫೀಸ್ ಮಾಡಿದ್ರಾ? ಬೆಸ್ಕಾಂನೋರು ಕಮರ್ಷಿಯಲ್ ಮೀಟರ್ ಹಾಕ್ತಾರೆ, ಪಾಲಿಕೆಯೋರು ಟ್ಯಾಕ್ಸ್ ಜಾಸ್ತಿ ಮಾಡ್ತಾರೆ, ಖಾಲಿ ಮಾಡಿ" ಅಂತ ಶುರು ಹಚ್ಚಿಕೊಂಡ್ರು. ಒಂದು ಲ್ಯಾಪ್‌ಟಾಪ್, ಒಂದು ಕುರ್ಚಿ ತೋರಿಸಿ, ಚಹಾ ಕುಡಿಸಿ, ಸಮಾಧಾನ ಮಾಡೂತನಕ ಸಾಕಾತು.

ಆಮ್ಯಾಲೆ ಜಿಎಸ್‌ಟಿಗೆ ಹಾಕಬೇಕಾದಾಗ ಅದೇ ಮಾಲಕರ ಹತ್ರ ಕೈಚಾಚಬೇಕಾತು. ಬಾಡಿಗಿ ಕರಾರು, ಅದರ ಜೋಡಿ ಮಾಲಕರ ಹೆಸರಿನ ಕರೆಂಟ್ ಬಿಲ್ಲು ಇಲ್ಲಾ ಕಂದಾಯ ರಸೀದಿ ಇಲ್ಲಾ ಖಾತಾ, ಇವುಗಳೊಳಗ ಒಂದು. 2025ರ ಏಪ್ರಿಲ್‌ನಾಗ ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯವರು ಅಧಿಕಾರಿಗಳಿಗೆ ಒಂದು ಸೂಚನಾ ಕಳಿಸ್ಯಾರ: ಪಟ್ಟಿಯೊಳಗ ಇಲ್ಲದ ಕಾಗದ, ಮಾಲಕರ ಪ್ಯಾನ್ ಕಾರ್ಡು, ಮನಿ ಒಳಗಿನ ಫೋಟೋ ಅಂತೆಲ್ಲಾ ಕೇಳಬ್ಯಾಡ್ರಿ ಅಂತ. ಅದನ್ನ ಪ್ರಿಂಟ್ ತಗದು ಇಟಗೋರಿ, ಉಪಯೋಗಕ್ಕ ಬರತೈತಿ. ಆದರ ಮಾಲಕರು ಒಪ್ಪಲೇ ಇಲ್ಲ ಅಂದ್ರ ಕೋ-ವರ್ಕಿಂಗ್ ಜಾಗದವರ ಹತ್ರ ವಿಳಾಸ ತಗೊಳ್ಳೂದ ಒಂದೇ ದಾರಿ. ಅದಕ್ಕ ವರ್ಷಾ ವರ್ಷಾ ರೊಕ್ಕ.

ಸುಮ್ನೆ ಓದೋನು
ಅಣ್ಣಾ, ಆ ಎ4 ಹಾಳೇಲಿ ಶೇ 60 ಕನ್ನಡ ಇತ್ತಾ? 2024ರ ತಿದ್ದುಪಡಿ ಗೊತ್ತಲ್ಲ 😄

ಹುಬ್ಳಿಯಾಂವ
ಶೇ 100 ಇತ್ತಲೇ ತಮ್ಮಾ. ಬ್ಯಾಂಕಿನ್ ಹುಡುಗಗ ಓದಾಕ ಬರಲಿಲ್ಲ, ಅದು ಬ್ಯಾರೆ ಮಾತು.

ಲೆಕ್ಕದ ಮಾರಾಯ
ಜಿಎಸ್‌ಟಿಗೆ ಬರುವ. ಸೇವೆ ಕೊಡುವವರಿಗೆ ಕರ್ನಾಟಕದಲ್ಲಿ ಮಿತಿ ವರ್ಷಕ್ಕೆ 20 ಲಕ್ಷ. ಸರಕು ಮಾತ್ರ ಮಾರುವವರಿಗೆ 40 ಲಕ್ಷ. ಸಂಬಳ ಇದರಲ್ಲಿ ಸೇರುದಿಲ್ಲ, ನೌಕರ ಮಾಲೀಕನಿಗೆ ಮಾಡುವ ಕೆಲಸ ಜಿಎಸ್‌ಟಿಯಲ್ಲಿ ಸಪ್ಲೈಯೇ ಅಲ್ಲ. ಆದ್ರೆ ತೆರಿಗೆ ಇಲ್ಲದ ಆದಾಯವೂ ಈ 20 ಲಕ್ಷದ ಲೆಕ್ಕಕ್ಕೆ ಸೇರ್ತದೆ. ನಿಮ್ಮ ಹೆಸರಲ್ಲಿ ಮನೆ ಇದ್ದು ವಾಸಕ್ಕೆ ಬಾಡಿಗೆ ಕೊಟ್ಟಿದ್ರೆ ಆ ಬಾಡಿಗೆಯೂ ಸೇರಿತು. ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ.

ಪುಣೆ ಅಂದ್ರೆ ಬೇರೆ ರಾಜ್ಯ, ಹಾಗಾಗಿ ಕಡ್ಡಾಯ ಅಂತ ಯಾರಾದ್ರೂ ಹೆದರಿಸಿದ್ರೆ ನಂಬ್ಬೇಡಿ. ಅದು ಸರಕಿಗೆ. ಸೇವೆಗೆ 2017ರಲ್ಲೇ ವಿನಾಯಿತಿ ಕೊಟ್ಟಾಗಿದೆ, 20 ಲಕ್ಷದ ಒಳಗಿದ್ರೆ ಹೊರರಾಜ್ಯದ ಗಿರಾಕಿಗೂ ನೋಂದಣಿ ಬೇಡ.

ಚಿಕ್ಕಪೇಟೆ ಯಜಮಾನ್ರ ಆಡಿಟರಿಗೆ ಹೀಗೆ ಹೇಳಿ: ನೀವು ನೋಂದಣಿ ಇಲ್ಲದವರು, ಹಾಗಾಗಿ ಬಿಲ್ಲಿನಲ್ಲಿ ತೆರಿಗೆಯೇ ಇಲ್ಲ, ತೆರಿಗೆ ಇಲ್ಲ ಅಂದ ಮೇಲೆ ಅವರು ಕಳ್ಕೊಳ್ಳುವ ಇನ್‌ಪುಟ್ ಕ್ರೆಡಿಟ್ಟೂ (ಖರೀದಿಗೆ ಕೊಟ್ಟ ಜಿಎಸ್‌ಟಿಯನ್ನು ತಾವು ಕಟ್ಟುವ ಜಿಎಸ್‌ಟಿಯಲ್ಲಿ ಕಳೆಯುದು) ಇಲ್ಲ. ನಿಮ್ಮ ಬಿಲ್ಲು ಅವರ ಖರ್ಚಿಗೆ ಪೂರಾ ಸಲ್ತದೆ. ಬಿಲ್ಲಿನ ಕೆಳಗೆ "ಜಿಎಸ್‌ಟಿ ನೋಂದಣಿ ಇಲ್ಲ, ಆದ್ದರಿಂದ ತೆರಿಗೆ ವಿಧಿಸಿಲ್ಲ" ಅಂತ ಒಂದು ಸಾಲು ಹಾಕಿದ್ರೆ ಆಯ್ತು. ನೋಂದಣಿ ಇಲ್ಲದೆ ಗಿರಾಕಿಯಿಂದ ಜಿಎಸ್‌ಟಿ ಅಂತ ವಸೂಲಿ ಮಾಡುದು ಮಾತ್ರ ಅಪರಾಧ.

ಸುಮ್ಮನೆ ಗತ್ತಿಗೆ ಅಂತ ನೋಂದಣಿ ಮಾಡಿಸಿದ್ರೆ ಮೊದಲ ರೂಪಾಯಿಯಿಂದಲೇ ಶೇ 18 ಹಾಕಬೇಕು. ತುಮಕೂರಿನ ಸ್ಕೂಲಿಗೆ ಅದು ಪೂರಾ ಹೊರೆ, ಅವರಿಗೆ ಕ್ರೆಡಿಟ್ ಸಿಗುದಿಲ್ಲ. ವ್ಯವಹಾರ ಇಲ್ಲದ ತಿಂಗಳೂ ನಿಲ್ ರಿಟರ್ನ್ ಹಾಕಬೇಕು, ಮರೆತ್ರೆ ದಿನಕ್ಕೆ 20 ರೂಪಾಯಿ ಲೇಟ್ ಫೀ. ವ್ಯವಹಾರ ಇದ್ದು ಮರೆತ್ರೆ ದಿನಕ್ಕೆ 50.

ಕೋರಮಂಗಲ ಕೋಡರ್
ಇಲ್ಲಿ ನನ್ನದು ಸ್ವಲ್ಪ ಭಿನ್ನಾಭಿಪ್ರಾಯ ಸರ್. ಸಿಂಗಪುರದ ಗಿರಾಕಿ ಪಕ್ಕಾ ಆದ್ರೆ ಈಗ್ಲೇ ಜಿಎಸ್‌ಟಿ ತಗೊಳ್ಳೋದು ಒಳ್ಳೇದು. ಸೇವೆ ರಫ್ತು ಅಂದ್ರೆ ತೆರಿಗೆ ಸೊನ್ನೆ. ವರ್ಷಕ್ಕೊಮ್ಮೆ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡೋದಕ್ಕೆ ಕೊಡೋ ಮುಚ್ಚಳಿಕೆ) ಹಾಕಿದ್ರೆ ಐಜಿಎಸ್‌ಟಿ ಕಟ್ಟೋ ಹಾಗೇ ಇಲ್ಲ, ಲ್ಯಾಪ್‌ಟಾಪ್, ಇಂಟರ್ನೆಟ್ಟು, ಕೋ-ವರ್ಕಿಂಗ್ ಮೇಲೆ ಕೊಟ್ಟಿರೋ ತೆರಿಗೆಗೆ ರೀಫಂಡ್ ಕೇಳಬಹುದು. ಹೊರದೇಶದ ದೊಡ್ಡ ಕಂಪನಿಗಳು ವೆಂಡರ್ ಫಾರಂನಲ್ಲಿ ಟ್ಯಾಕ್ಸ್ ನಂಬರ್ ಅಂತ ಒಂದು ಕಾಲಂ ಇಟ್ಟಿರ್ತಾರೆ, ಖಾಲಿ ಬಿಟ್ರೆ ಮುಂದಕ್ಕೆ ಹೋಗಲ್ಲ. ಈಗ ನೋಂದಣಿಯೂ ಸಲೀಸು: 2025ರ ನವೆಂಬರ್‌ನಿಂದ ಸಣ್ಣವರಿಗೆ ಮೂರು ಕೆಲಸದ ದಿನದಲ್ಲಿ ಕೊಡೋ ವ್ಯವಸ್ಥೆ ಬಂದಿದೆ.

ಲೆಕ್ಕದ ಮಾರಾಯ
ರಫ್ತು ಮಾತ್ರ ಮಾಡುವವರಾದ್ರೆ ನಿಮ್ಮ ಮಾತು ಒಪ್ತೇನೆ. ಇವರದ್ದು ಅರ್ಧಕ್ಕಿಂತ ಹೆಚ್ಚು ಊರಿನ ಗಿರಾಕಿಗಳು. ನೋಂದಣಿ ಒಂದೇ, ಸಿಂಗಪುರಕ್ಕೆ ಬೇಕು ತುಮಕೂರಿಗೆ ಬೇಡ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಟ್ಯಾಕ್ಸ್ ನಂಬರ್ ಕಾಲಂನಲ್ಲಿ ಪ್ಯಾನ್ ಬರೆದ್ರೂ ನಡೀತದೆ.

ಕೋರಮಂಗಲ ಕೋಡರ್
ನನ್ನ ಗಿರಾಕಿ ಹತ್ರ ನಡೀಲಿಲ್ಲ ಸರ್. ಇರ್ಲಿ, ಅವರವರ ಗಿರಾಕಿ ನೋಡ್ಕೊಂಡು ತೀರ್ಮಾನ ಮಾಡ್ಲಿ. ಹೊರದೇಶದ ದುಡ್ಡು ಬಂದಾಗ ಮಾತ್ರ ಬ್ಯಾಂಕ್ ಕೇಳೋ ಪರ್ಪಸ್ ಕೋಡ್ ಸರಿಯಾಗಿ ಕೊಡಿ, ಪ್ರತಿ ಸಲಾನೂ ಎಫ್‌ಐಆರ್‌ಎ (ಹೊರದೇಶದಿಂದ ದುಡ್ಡು ಬಂದಿದ್ದಕ್ಕೆ ಬ್ಯಾಂಕ್ ಕೊಡೋ ಪತ್ರ) ಇಳಿಸಿಕೊಂಡು ಬಿಲ್ ಜೊತೆ ಇಟ್ಕೊಳ್ಳಿ. "ಮನೆ ಖರ್ಚಿಗೆ ಕಳಿಸಿದ್ದು" ಅನ್ನೋ ಕೋಡಲ್ಲಿ ಬಂದ್ರೆ ಆಮೇಲೆ ರಫ್ತು ಅಂತ ತೋರಿಸೋಕೆ ಪರದಾಡ್ಬೇಕು.

ಬ್ಯಾಂಕ್ ರಾಯರು
2025ರ ಜುಲೈ ನೆನಪಿದೆಯಲ್ಲ? ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಯವರಿಗೆ ಯುಪಿಐ ಜಮೆಯ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಾಗ ಊರೆಲ್ಲ "ನೋ ಯುಪಿಐ, ಓನ್ಲಿ ಕ್ಯಾಶ್" ಬೋರ್ಡು. ಅಲ್ಲಿ ಅನೇಕರ ಸಂಕಟವೇ ಇದು: ಯಾವುದು ವ್ಯಾಪಾರದ ದುಡ್ಡು, ಯಾವುದು ಮನೆಯ ಕೈಸಾಲ, ಬೇರ್ಪಡಿಸಿ ತೋರಿಸಲು ದಾಖಲೆ ಇರಲಿಲ್ಲ. ಬೇರೆ ಖಾತೆ ಇಡಿ ಎಂದು ನಾನು ಹೇಳಿದ್ದು ಇದೇ ಕಾರಣಕ್ಕೆ.

ಅನುವಾದಕಿ
ಬನಶಂಕರಿಯಿಂದ. ನಾನು ಇಂಗ್ಲಿಷ್-ಕನ್ನಡ ಅನುವಾದ, ಸಬ್‌ಟೈಟಲ್ ಕೆಲಸ ಮಾಡ್ತೀನಿ. ಎಲ್ಲರೂ ತೆರಿಗೆ ಬಗ್ಗೆ ಮಾತಾಡ್ತಿದ್ದೀರಿ, ಬಿಡಿಗೆಲಸದವರ ನಿಜವಾದ ತಲೆನೋವು ಬಾಕಿ ವಸೂಲಿ. ಉದ್ಯಮ್ ಸರ್ಟಿಫಿಕೇಟನ್ನ ಬ್ಯಾಂಕಿಗೆ ಕೊಡೋ ಕಾಗದ ಅಂತಷ್ಟೇ ತಿಳ್ಕೊಂಡಿದ್ದಾರೆ ತುಂಬಾ ಜನ. ನನ್ನ ಪಾಲಿಗೆ ಅದರ ಅಸಲಿ ಬೆಲೆ ಬೇರೆ ಕಡೆ ಇದೆ.

2006ರ ಎಂಎಸ್‌ಎಂಇಡಿ (ಸಣ್ಣ ಉದ್ಯಮಗಳ) ಕಾಯ್ದೆ ಪ್ರಕಾರ ಸಣ್ಣ ಉದ್ಯಮಕ್ಕೆ ಕೊಡಬೇಕಾದ ದುಡ್ಡನ್ನ, ಲಿಖಿತ ಕರಾರು ಇಲ್ಲದಿದ್ರೆ 15 ದಿನದಲ್ಲಿ, ಕರಾರು ಇದ್ರೂ 45 ದಿನ ಮೀರದ ಹಾಗೆ ಕೊಡಬೇಕು. ಮೀರಿದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಅದೂ ತಿಂಗಳ ಲೆಕ್ಕದಲ್ಲಿ. ಕಾಗದದ ಮೇಲೆ ಈ ಬಡ್ಡಿ ಮೊದಲಿಂದಲೂ ಇತ್ತು, ಯಾರೂ ಕೇರ್ ಮಾಡ್ತಿರಲಿಲ್ಲ. ಕೆಲಸ ಮಾಡಿದ್ದು ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಸೆಕ್ಷನ್ ಬಂದ ಮೇಲೆ: ಆ ಗಡುವು ದಾಟಿ ಮಾರ್ಚ್ 31ಕ್ಕೂ ಬಾಕಿ ಉಳಿಸಿಕೊಂಡ್ರೆ ಗಿರಾಕಿ ಕಂಪನಿ ಆ ಖರ್ಚನ್ನ ಆ ವರ್ಷದ ಲೆಕ್ಕದಲ್ಲಿ ತೋರಿಸೋ ಹಾಗಿಲ್ಲ. ಅಂದ್ರೆ ಅವರ ತೆರಿಗೆ ಜಾಸ್ತಿ ಆಗುತ್ತೆ. ಈಗ ಅವರ ಆಡಿಟರೇ ನಮ್ಮ ಪರ ಫೋನ್ ಮಾಡ್ತಾರೆ.

ಒಂದು ಏಜೆನ್ಸಿ, ಹೆಸರು ಬೇಡ, ಐದು ತಿಂಗಳು "ಮುಂದಿನ ಪೇಮೆಂಟ್ ಸೈಕಲ್ ಮೇಡಂ" ಅಂತ ಆಟ ಆಡಿಸ್ತು. ಫೆಬ್ರವರಿ ಕೊನೆಗೆ ಅದೇ ಬಿಲ್ಲನ್ನ ಉದ್ಯಮ್ ಸರ್ಟಿಫಿಕೇಟ್ ಜೊತೆ ಮತ್ತೆ ಕಳಿಸಿದೆ. ಮೇಲ್ ನೇರ ಅಕೌಂಟ್ಸ್ ಹೆಡ್‌ಗೆ, ಪ್ರಾಜೆಕ್ಟ್ ಮ್ಯಾನೇಜರ್‌ಗೆ ಬರೀ ಕಾಪಿ. ಇಷ್ಟೇ ಬರೆದಿದ್ದೆ: "ನಮ್ಮದು ನೋಂದಾಯಿತ ಮೈಕ್ರೋ ಉದ್ಯಮ. ಈ ಬಿಲ್ 45 ದಿನ ದಾಟಿದೆ. ಮಾರ್ಚ್ 31ರ ಒಳಗೆ ಪಾವತಿಯಾಗದಿದ್ದರೆ 43ಬಿ(ಎಚ್) ಅನ್ವಯವಾಗುವುದನ್ನು ದಯವಿಟ್ಟು ಗಮನಿಸಿ." ಜಗಳ ಇಲ್ಲ, ಬೇಡಿಕೊಳ್ಳೋದೂ ಇಲ್ಲ. ಯುಗಾದಿಗೆ ಮುಂಚೆ ದುಡ್ಡು ಬಂತು.

ಅದಕ್ಕೇ ತಮ್ಮಾ, ಬಿಲ್ ಹಾಳೆ ಮೇಲ್ಗಡೆಯೇ ಉದ್ಯಮ್ ನಂಬರ್ ಅಚ್ಚಾಗಿರಲಿ. ಕೆಲಸ ಮುಗಿದ ಮೇಲೆ ನೋಂದಣಿ ಮಾಡಿಸಿ ಹಳೇ ಬಾಕಿಗೆ ಇದನ್ನ ಹೂಡೋಕೆ ಬರಲ್ಲ, ಮೊದಲೇ ಇರಬೇಕು. ತೀರಾ ಕೊಡಲ್ಲ ಅಂದ್ರೆ ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡಿರೋ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಆದ್ರೆ ಆ ಗಿರಾಕಿ ಮತ್ತೆ ಕೆಲಸ ಕೊಡ್ತಾನೆ ಅನ್ನೋ ಆಸೆ ಬಿಟ್ಟು ಕೊಡಿ.

ವಿಜಯನಗರದವ
ಅಕ್ಕ, ಇದು ಗೊತ್ತೇ ಇರ್ಲಿಲ್ಲ. ಸ್ಕೂಲಿನವರದ್ದು ಮೂರು ತಿಂಗಳಿಂದ ಬಾಕಿ ಇದೆ.

ಅನುವಾದಕಿ
ಸ್ಕೂಲು ಟ್ರಸ್ಟ್ ಆಗಿದ್ರೆ 43ಬಿ(ಎಚ್) ಅಷ್ಟು ಚುರುಕು ಮುಟ್ಟಿಸಲ್ಲಪ್ಪ, ಅವರಿಗೆ ವ್ಯವಹಾರದ ಲಾಭದ ಮೇಲೆ ತೆರಿಗೆ ಲೆಕ್ಕ ಇರಲ್ಲ. ಅಲ್ಲಿಗೆ ಹೋಗಿ ಹೆಡ್‌ಮಾಸ್ಟರ್ ರೂಮಿನ ಮುಂದೆ ಕೂರೋದೇ ಸರಿ. ಮುಂದಿನ ಸಲ ಅರ್ಧ ಅಡ್ವಾನ್ಸ್ ತಗೋ.

ಎಚ್‌ಆರ್ ಅಕ್ಕ
ಕಂಪನಿಗೆ ಗೊತ್ತಾದ್ರೆ ಏನು ಅಂತ ಕೇಳಿದ್ರಲ್ಲ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಇಡೀ ವಿಷಯದಲ್ಲಿ ಕೆಲಸಕ್ಕೇ ಕುತ್ತು ತರೋದು ಇದೊಂದೇ.

ಆಫರ್ ಲೆಟರ್ ತೆಗೆದು ಮೂರು ಕಡೆ ನೋಡಿ. "ಬೇರೆ ಉದ್ಯೋಗ, ವ್ಯವಹಾರ ಮಾಡುವಂತಿಲ್ಲ" ಅನ್ನೋ ಷರತ್ತು. "ನೌಕರಿಯ ಅವಧಿಯಲ್ಲಿ ಸೃಷ್ಟಿಸಿದ್ದೆಲ್ಲ ಕಂಪನಿಯದ್ದು" ಅನ್ನೋ ಹಕ್ಕಿನ ಷರತ್ತು. ಸ್ಪರ್ಧಿಗಳ ಜೊತೆ ಕೆಲಸದ ಷರತ್ತು. ಎರಡನೆಯದ್ದನ್ನ ಜನ ಓದೋದೇ ಇಲ್ಲ. ಅದು ಅಗಲವಾಗಿ ಬರೆದಿದ್ರೆ ನೀವು ಶನಿವಾರ ರಾತ್ರಿ ಬರೆದ ಕೋಡ್ ಮೇಲೂ ಕಂಪನಿ ಹಕ್ಕು ಹೇಳಬಹುದು. ಆಗ ಸೀರೆ ಅಂಗಡಿಗೆ ಮಾರಿದ್ದು ಯಾರ ಸ್ವತ್ತು ಅನ್ನೋ ಪ್ರಶ್ನೆ ಏಳುತ್ತೆ.

2022 ನೆನಪು ಮಾಡ್ಕೊಳ್ಳಿ. ಆಗಸ್ಟ್‌ನಲ್ಲಿ ಸ್ವಿಗ್ಗಿ ತನ್ನ ನೌಕರರಿಗೆ ಷರತ್ತಿನ ಮೇಲೆ ಹೊರಗಿನ ಕೆಲಸಕ್ಕೆ ಅವಕಾಶ ಕೊಡೋ ನೀತಿ ತಂತು. ಮರು ತಿಂಗಳೇ ವಿಪ್ರೊ ಅಧ್ಯಕ್ಷ ರಿಶದ್ ಪ್ರೇಮ್‌ಜಿ, ಸ್ಪರ್ಧಿ ಕಂಪನಿಗಳಿಗೂ ದುಡೀತಿದ್ದ 300 ಜನರನ್ನ ತೆಗೆದಿದ್ದೀವಿ ಅಂತ ಹೇಳಿದ್ರು. ಒಂದೇ ಊರು, ಒಂದೇ ಕಾಲ, ಎರಡು ನೀತಿ. ಹಾಗಾಗಿ "ಎಲ್ಲರೂ ಮಾಡ್ತಾರೆ" ಅನ್ನೋದು ಉತ್ತರ ಅಲ್ಲ, ನಿಮ್ಮ ಕಂಪನಿ ಏನು ಹೇಳುತ್ತೆ ಅನ್ನೋದೇ ಉತ್ತರ.

ಎಚ್‌ಆರ್‌ಗೆ ಒಂದು ಮೇಲ್ ಹಾಕಿ ಲಿಖಿತ ಒಪ್ಪಿಗೆ ತಗೊಳ್ಳಿ. ಗಿರಾಕಿಗಳು ಯಾರು, ಕಂಪನಿಯ ವ್ಯವಹಾರಕ್ಕೂ ಅದಕ್ಕೂ ಸಂಬಂಧ ಇಲ್ಲ, ಕಂಪನಿ ಲ್ಯಾಪ್‌ಟಾಪ್ ಮುಟ್ಟಲ್ಲ, ಆಫೀಸ್ ವೇಳೇಲಿ ಮಾಡಲ್ಲ ಅಂತ ನಾಲ್ಕು ಸಾಲು. ಒಪ್ಪಿಗೆ ಸಿಗೋದು ನೀವು ಅಂದ್ಕೊಂಡಷ್ಟು ಅಪರೂಪ ಅಲ್ಲ. ಗುಟ್ಟಾಗಿಡ್ತೀನಿ ಅನ್ನೋರಿಗೆ ಒಂದು ಮಾತು: ಗಿರಾಕಿ ಹಿಡಿದ ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳೋ ತೆರಿಗೆ) ನಿಮ್ಮ 26ಎಎಸ್‌ನಲ್ಲಿ, ಅಂದ್ರೆ ಇಲಾಖೆಯ ತೆರಿಗೆ ಜಮಾ ಪಟ್ಟೀಲಿ ಕೂರುತ್ತೆ, ಕೆಲಸ ಬದಲಾಯಿಸುವಾಗ ಕೆಲವು ಕಂಪನಿಗಳು ಅದೇ 26ಎಎಸ್ ಕೇಳ್ತವೆ.

ಜೆಪಿ ನಗರ ಜಾಣ
ಇಷ್ಟೆಲ್ಲಾ ಯಾಕೆ ಬ್ರದರ್, ಹೆಂಡ್ತಿ ಹೆಸರಲ್ಲಿ ಮಾಡಿ. ಕಂಪನಿ ಕಾಟಾನೂ ಇಲ್ಲ, ಟ್ಯಾಕ್ಸೂ ಕಡಿಮೆ.

ಲೆಕ್ಕದ ಮಾರಾಯ
ಹೆಂಡತಿಗೆ ವೆಬ್‌ಸೈಟ್ ಮಾಡ್ಲಿಕ್ಕೆ ಬರ್ತದಾ? ಬಂದ್ರೆ, ಅವರೇ ಮಾಡಿದ್ರೆ, ಧಾರಾಳವಾಗಿ ಅವರ ಹೆಸರಲ್ಲಿ ಮಾಡಿ. ಕೆಲಸ ಗಂಡನದ್ದು, ಬಿಲ್ ಹೆಂಡತಿದ್ದು ಅಂದ್ರೆ ಆ ಆದಾಯ ಗಂಡನದ್ದೇ ಅಂತ ಇಲಾಖೆ ಹೇಳ್ತದೆ. ಗಿರಾಕಿಯ ಮೇಲ್ ಎಲ್ಲ ನಿಮ್ಮ ಹೆಸರಿಗೇ ಬಂದಿರ್ತದಲ್ಲ.

ವಿಜಯನಗರದವ
ನನ್ನ ಹೆಂಡ್ತಿ ಸರ್ಕಾರಿ ಸ್ಕೂಲ್ ಟೀಚರ್ ಬೇರೆ 🙏

ಎಚ್‌ಆರ್ ಅಕ್ಕ
ಹಾಗಾದ್ರೆ ಆ ಮಾತೇ ಬೇಡ. ಸರ್ಕಾರಿ ನೌಕರರು ಅನುಮತಿ ಇಲ್ಲದೆ ಖಾಸಗಿ ವ್ಯವಹಾರ ಮಾಡೋ ಹಾಗಿಲ್ಲ. ನಿಮ್ಮ ಕೆಲಸ ಉಳಿಸೋಕೆ ಅವರ ಕೆಲಸಕ್ಕೆ ಕಲ್ಲು ಹಾಕಬೇಡಿ.

ಲೆಕ್ಕದ ಮಾರಾಯ
ಇನ್ನು ಆದಾಯ ತೆರಿಗೆ. ಕೆಲವು ವೃತ್ತಿಯವರು ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುವ 44ಎಡಿಎ ಸೆಕ್ಷನ್ ಉಂಟು, ಐಟಿ ಕೆಲಸ ಅದರ ಪಟ್ಟಿಯಲ್ಲಿ ಬರ್ತದೆ. ವರ್ಷದ ವೃತ್ತಿ ಜಮೆ 50 ಲಕ್ಷದ ಒಳಗೆ ಇದ್ರೆ (ನಗದು ಶೇ 5 ಮೀರದಿದ್ರೆ 75 ಲಕ್ಷ) ಅರ್ಧವನ್ನು ಲಾಭ ಅಂತ ತೋರಿಸಿದ್ರೆ ಸಾಕು, ಖರ್ಚಿನ ಪುಸ್ತಕ ಇಡುವ ಕೆಲಸ ಇಲ್ಲ. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಅದರಲ್ಲಿ ಸೆಕ್ಷನ್ ನಂಬರು ಬೇರೆ, ವ್ಯವಸ್ಥೆ ಇದೇ. ಅಭ್ಯಾಸಬಲದಿಂದ ಹಳೇ ನಂಬರೇ ಬರೀತಿದ್ದೇನೆ.

ನಿಮ್ಮ 4.8 ಲಕ್ಷಕ್ಕೆ ಲಾಭ 2.4 ಲಕ್ಷ. ಸಂಬಳ 17 ಲಕ್ಷ ಅಂತ ಇಟ್ಕೊಂಡ್ರೆ, ಹೊಸ ತೆರಿಗೆ ಪದ್ಧತಿಯಲ್ಲಿ (ನ್ಯೂ ರೆಜೀಮ್) ಈ 2.4 ಲಕ್ಷ ಪೂರಾ ಶೇ 20ರ ಹಂತಕ್ಕೆ ಬೀಳ್ತದೆ. ತೆರಿಗೆ 48,000, ಸೆಸ್ ಸೇರಿ 49,920. ಪರವಾಗಿಲ್ಲ ಅಲ್ವಾ?

ಆದ್ರೆ ಸಂಬಳ 12.75 ಲಕ್ಷ ಇರುವವರು ಇದನ್ನು ಓದ್ತಿದ್ರೆ ಜಾಗ್ರತೆ. ಸಂಬಳ ಮಾತ್ರ ಇದ್ರೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 12 ಲಕ್ಷ, ರಿಯಾಯಿತಿಯಿಂದ ತೆರಿಗೆ ಸೊನ್ನೆ. ಅದಕ್ಕೆ ಈ 2.4 ಲಕ್ಷ ಸೇರಿದ್ರೆ 14.4 ಲಕ್ಷ, ರಿಯಾಯಿತಿ ಪೂರಾ ಹೋಯ್ತು, ತೆರಿಗೆ 99,840. ಕೈಗೆ ಬಂದ 4.8 ಲಕ್ಷದಲ್ಲಿ ಹತ್ತಿರ ಹತ್ತಿರ ಒಂದು ಲಕ್ಷ ಸರ್ಕಾರಕ್ಕೆ. ಫೀಸು ಹೇಳುವಾಗಲೇ ಇದನ್ನು ಲೆಕ್ಕ ಹಾಕಿ.

ಅಡ್ವಾನ್ಸ್ ಟ್ಯಾಕ್ಸ್: ಟಿಡಿಎಸ್ ಕಳೆದು 10,000 ದಾಟಿದ್ರೆ ಕಟ್ಟಬೇಕು. 44ಎಡಿಎಯವರು ಈ ವೃತ್ತಿ ಆದಾಯದ್ದನ್ನು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಬಹುದು. ಕಂಪನಿಗೆ ಬೇರೆ ಆದಾಯ ತಿಳಿಸಿ ಸಂಬಳದಲ್ಲೇ ಹಿಡಿಸುವ ದಾರಿಯೂ ಉಂಟು, ಎಚ್‌ಆರ್ ಅಕ್ಕ ಹೇಳಿದ ಒಪ್ಪಿಗೆ ಸಿಕ್ಕಿದ ಮೇಲೆ. ಒಬ್ಬ ಗಿರಾಕಿ ವರ್ಷಕ್ಕೆ 50,000 ದಾಟಿ ಕೊಟ್ರೆ ವೃತ್ತಿ ಫೀಸ್ ಅಂತ ಶೇ 10 ಟಿಡಿಎಸ್ ಹಿಡಿಯಬಹುದು, ಅದು ಇದರಲ್ಲಿ ಕಳೀತದೆ.

ಹಳೇ ಪದ್ಧತಿ ಇಷ್ಟಪಡುವ ಗೃಹಸಾಲದವರಿಗೆ: ಬರೀ ಸಂಬಳ ಇದ್ರೆ ವರ್ಷ ವರ್ಷ ಆಚೆ ಈಚೆ ಹಾರಬಹುದು. ವೃತ್ತಿ ಆದಾಯ ಸೇರಿದ ಮೇಲೆ ಹಳೇದಕ್ಕೆ ಹೋಗಿ ವಾಪಸ್ ಹೊಸದಕ್ಕೆ ಬಂದ್ರೆ, ಆ ಆದಾಯ ಇರುವ ತನಕ ಮತ್ತೆ ಹಳೇದಕ್ಕೆ ಹೋಗ್ಲಿಕ್ಕೆ ಇಲ್ಲ.

ಅನುವಾದಕಿ
ಸರ್, ಅನುವಾದ ಆ ಪಟ್ಟೀಲಿ ಬರುತ್ತಾ? ಸಿನಿಮಾ ಕಲಾವಿದರು ಅಂತ ಒಂದು ವರ್ಗ ಇದೆಯಲ್ಲ, ಅದರಲ್ಲಿ ಸಂಭಾಷಣೆಕಾರರು, ಗೀತರಚನೆಕಾರರು, ಸಂಕಲನಕಾರರು ಎಲ್ಲಾ ಇದ್ದಾರೆ. ಸಬ್‌ಟೈಟಲ್ ಬರೆಯೋರು?

ಲೆಕ್ಕದ ಮಾರಾಯ
ಪಟ್ಟಿಯಲ್ಲಿ ಹೆಸರಿಲ್ಲ ಮೇಡಂ. ಹಾಗಾಗಿ 44ಎಡಿಎ ಹಿಡಿಯುದು ನನಗೆ ಇಷ್ಟ ಇಲ್ಲ. ನಮ್ಮ ಆಫೀಸಲ್ಲಿ ಅಂಥವರದ್ದು ಮಾಮೂಲಿ ಲಾಭ-ನಷ್ಟ ಲೆಕ್ಕದಲ್ಲಿ, ನಿಜವಾದ ಖರ್ಚು ಕಳೆದು ಹಾಕ್ತೇವೆ. ವ್ಯಾಪಾರಸ್ಥರ ಅಂದಾಜು ಲಾಭದ ಸೆಕ್ಷನ್ 44ಎಡಿಯಲ್ಲಿ ಹಾಕುವ ಆಡಿಟರುಗಳೂ ಇದ್ದಾರೆ. ಇದರಲ್ಲಿ ನಮ್ಮ ನಮ್ಮಲ್ಲೇ ಒಮ್ಮತ ಇಲ್ಲ. ಹುಬ್ಳಿಯವರು ಎಡಿಟರ್, ಸಿನಿಮಾದ್ದಾದ್ರೆ ಅವರಿಗೆ ದಾರಿ ಉಂಟು.

ಹುಬ್ಳಿಯಾಂವ
ನಂದು ಮದವಿ ವಿಡಿಯೋರಿ ಸರ. ಸಿನಿಮಾಕಿಂತಾ ಉದ್ದ ಇರತೈತಿ, ಆದರ ಪಟ್ಟಿಗೆ ಬರೂದಿಲ್ಲ ಕಾಣಸ್ತೈತಿ.

ವಿಜಯನಗರದವ
ವೃತ್ತಿ ತೆರಿಗೆ? ಸಂಬಳದಲ್ಲಿ ತಿಂಗಳಿಗೆ 200 ಹಿಡೀತಾರೆ. ಫ್ರೀಲ್ಯಾನ್ಸಿಗೆ ಬೇರೆ ಕಟ್ಬೇಕಾ?

ಲೆಕ್ಕದ ಮಾರಾಯ
ಸಂವಿಧಾನದ 276ನೇ ವಿಧಿ ಪ್ರಕಾರ ಒಬ್ಬ ವ್ಯಕ್ತಿಯಿಂದ ರಾಜ್ಯ ವರ್ಷಕ್ಕೆ 2,500 ದಾಟಿ ವೃತ್ತಿ ತೆರಿಗೆ ತಗೊಳ್ಳುವ ಹಾಗಿಲ್ಲ. 2025ರ ಏಪ್ರಿಲ್‌ನಿಂದ ಫೆಬ್ರವರಿಯಲ್ಲಿ 200ರ ಬದಲು 300 ಹಿಡೀತಾರೆ, ಹಾಗಾಗಿ ಸಂಬಳದಲ್ಲೇ 2,500 ಮುಗೀತದೆ. ಪೇ ಸ್ಲಿಪ್ ಇಟ್ಕೊಳ್ಳಿ, ಯಾರಾದ್ರೂ ಕೇಳಿದ್ರೆ ತೋರಿಸ್ಲಿಕ್ಕೆ.

ಅಂದ ಹಾಗೆ ಒಂದು ಕೇಳುದು ಬಿಟ್ಟೆ. ನಿಮ್ಮ ಕಂಪನಿ ಅಮೆರಿಕದ್ದಾ? ಆರ್‌ಎಸ್‌ಯು (ನೌಕರರಿಗೆ ಕೊಡುವ ಕಂಪನಿ ಶೇರು) ಎಂತದಾದ್ರೂ ಕೊಟ್ಟಿದ್ದಾರಾ?

ವಿಜಯನಗರದವ
ಹೌದು ಸರ್, ಸ್ವಲ್ಪ ಶೇರು ವೆಸ್ಟ್ ಆಗಿ ನನ್ನ ಹೆಸರಿಗೆ ಬಂದಿದೆ. ಮಾರಿಲ್ಲ, ಹಾಗೇ ಇದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಲೆಕ್ಕದ ಮಾರಾಯ
ಸಂಬಂಧ ಉಂಟು. 44ಎಡಿಎ ಅಂದ ಕೂಡ್ಲೇ ಎಲ್ಲರೂ ಸುಲಭದ ರಿಟರ್ನ್ ಫಾರಂ ಐಟಿಆರ್-4 ತುಂಬಿಸ್ತಾರೆ. ವಿದೇಶಿ ಆಸ್ತಿ ಇರುವವರು ಅದನ್ನು ತುಂಬಿಸುವ ಹಾಗಿಲ್ಲ, ಆರ್‌ಎಸ್‌ಯು ಶೇರು ವಿದೇಶಿ ಆಸ್ತಿಯೇ. ನೀವು ಐಟಿಆರ್-3 ಹಾಕಬೇಕು, ಅದರಲ್ಲೂ 44ಎಡಿಎ ತೋರಿಸ್ಲಿಕ್ಕೆ ಆಗ್ತದೆ. ಅದರ ಶೆಡ್ಯೂಲ್ ಎಫ್‌ಎ, ಅಂದ್ರೆ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಶೇರಿನ ವಿವರ ಕೊಡಿ. ಅಲ್ಲಿ ಏಪ್ರಿಲ್-ಮಾರ್ಚ್ ಅಲ್ಲ, ಜನವರಿಯಿಂದ ಡಿಸೆಂಬರ್ ಲೆಕ್ಕ. ಬ್ರೋಕರ್ ಸ್ಟೇಟ್‌ಮೆಂಟ್ ಈಗಲೇ ಇಳಿಸಿಟ್ಕೊಳ್ಳಿ. ಇದನ್ನು ಬಿಟ್ರೆ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷದ ತನಕ ದಂಡ ಹಾಕುವ ಅವಕಾಶ ಉಂಟು. ವಿದೇಶಿ ಆಸ್ತಿ ಒಟ್ಟು 20 ಲಕ್ಷದ ಒಳಗೆ ಇದ್ರೆ 2024ರ ಅಕ್ಟೋಬರ್‌ನಿಂದ ಆ ದಂಡದಿಂದ ವಿನಾಯಿತಿ ಕೊಟ್ಟಿದ್ದಾರೆ, ಆದ್ರೆ ತೋರಿಸುದು ಈಗಲೂ ಕಡ್ಡಾಯ.

ವಿಜಯನಗರದವ
ಹೋದ ವರ್ಷ ಕಂಪನಿ ಕರೆಸಿದ್ದ ಟ್ಯಾಕ್ಸ್‌ನವರೇ ತುಂಬಿದ್ರು, ಎಫ್‌ಎ ಹಾಕಿದ್ದಾರಾ ಅಂತ ನೋಡಿ ಹೇಳ್ತೀನಿ. ಎಚ್‌ಆರ್‌ಗೆ ಮೇಲ್ ಡ್ರಾಫ್ಟ್ ಆಗಿದೆ, ಸೋಮವಾರ ಕಳಿಸ್ತೀನಿ. ಉದ್ಯಮ್ ಈಗಷ್ಟೇ ಮುಗಿಸಿದೆ, ಕಾಸು ಕೇಳಲಿಲ್ಲ. ಏಜೆಂಟ್ ಮತ್ತೆ ಫೋನ್ ಮಾಡಿದ್ದ, "ನಾಲ್ಕು ಸಾವಿರಕ್ಕೆ ಮಾಡಿಕೊಡ್ತೀನಿ ಸರ್" ಅಂತ.